ಖಂಡೆ ಪೂಜೆಯ ಕೀಬೋರ್ಡ್

ನನ್ನ ಗಂಡನ ಮಣ್ಣಿಗೆಂದು ಬಂದು ಉಳಿದಿದ್ದ ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಬೆಳಿಗ್ಗೆ ಹಾಲಿನವನು ಪ್ಯಾಕೆಟ್ಟನ್ನು ಬಾಗಿಲಿಗೆ ಒಗೆದು ಹೋದ. ಇಷ್ಟು ದಿನ ಅವನು ಕೈಗೇ ಕೊಟ್ಟು, ಏನೋ ಹೇಳಲು ನಿಂತವನಂತೆ ಒಂದು ಕ್ಷಣ ನಿಂತು ಹೋಗುತ್ತಿದ್ದ. ಒಗೆದದ್ದು ನನಗೆ ಹಿತವೆನಿಸಿತು.

ಚಹಾಕ್ಕೆ ನೀರಿಟ್ಟೆ. ಒಳಕೋಣೆಯಲ್ಲಿ ಮಾವನ ಕೆಮ್ಮು ಕೇಳಿಸಿತು, ನಿಂತಿತು. ಮಾವ ದುಂಡಪ್ಪ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದವರು. ನಮ್ಮ ಹಿರೇಬಂಡೆ ಊರಿನಲ್ಲಿ ಕಲ್ಲು ಕೊರೆದವರ, ಉಜ್ಜಿದವರ ಎದೆಯಲ್ಲೆಲ್ಲ ಆ ಕಲ್ಲಿನ ಧೂಳು ಕುಳಿತಿದೆ. ಅವರಿಗಾಗಿ ನಮ್ಮೂರಲ್ಲಿ ನೀರಿನ ನಳದ ಹಾಗೆಯೇ ಆಮ್ಲಜನಕದ ನಳ ಇದೆ. ಊರ ಹೊರಗಿನ ಸ್ಥಾವರದಿಂದ ಕೊಳವೆ ಹೊರಟು ರೋಗಿಗಳಿರುವ ಪ್ರತಿ ಮನೆಯ ಗೋಡೆಗೆ ಬಂದು ಒಂದು ವಾಲ್ವಿನಲ್ಲಿ ಮುಗಿಯುತ್ತದೆ. ಸ್ಥಾವರದ ಕಂಟ್ರೋಲ್ ರೂಮಿನ ಕಂಪ್ಯೂಟರ್ ಎಡೆಬಿಡದೆ ‘ತೆರೆದಿರು’ ಎಂದು ಅಪ್ಪಣೆ ಕೊಡುತ್ತಿದ್ದರೆ ವಾಲ್ವು ತೆರೆದಿರುತ್ತದೆ. ಅಪ್ಪಣೆ ನಿಂತರೆ ಮುಚ್ಚಿಕೊಳ್ಳುತ್ತದೆ. ಆಮ್ಲಜನಕ ಸೋರಿದ ಮನೆ ಒಂದು ಕಿಡಿಗೆ ಹೊತ್ತಿ ಉರಿಯುವುದರಿಂದ ಹಾಗೆ ಮಾಡಿದ್ದಾರೆ. ನನ್ನ ಗಂಡ ಮಹಾರುದ್ರ ಆ ಕಂಟ್ರೋಲ್ ರೂಮಿನಲ್ಲಿ ಕೆಲಸಕ್ಕಿದ್ದ.

ನೀರು ಕುದಿಯುವ ಮೊದಲೇ ಗೋಡೆಯಿಂದ ‘ಟಕ್’ ಎಂದು ಸದ್ದು ಬಂತು.

“ನೀಲವ್ವಾ,” ಮಾವ ಕರೆದರು, “ಗಾಳಿ ನಿಂತತಿ.”

ವಾಲ್ವಿನ ಹಸಿರು ದೀಪ ಆರಿತ್ತು. ಅದರ ಕೆಳಗೆ ತೂಗುವ ರಬ್ಬರ್ ಚೀಲದಲ್ಲಿ ಸ್ವಲ್ಪ ಉಳಿದಿರುತ್ತದೆ. ಚೀಲ ಒಳಕ್ಕೆ ಕುಸಿಯುತ್ತ ಬಂತು. ಮಾವ ಮಾತಾಡುವುದನ್ನು ಬಿಟ್ಟು ಹಾಸಿಗೆಯ ಅಂಚನ್ನು ಹಿಡಿದುಕೊಂಡರು. ಅವರ ತುಟಿ ನೀಲಿಯಾಗುವುದನ್ನು ನೋಡುತ್ತ ಬೆನ್ನಿಗೆ ಕೈಕೊಟ್ಟು ನಿಂತೆ. ಮಾಡಲು ಬೇರೇನೂ ಇರಲಿಲ್ಲ. ಚೀಲ ಪೂರ್ತಿ ಚಪ್ಪಟೆಯಾದ ಮೇಲೆ ಮತ್ತೆ ‘ಟಕ್’ ಎಂದಿತು, ಕೊಳವೆ ಬುಸುಗುಟ್ಟಿತು.

“ಇಷ್ಟ ಸಾಕು ಅಂತ ನನ್ನ ಮಗಾ ಕರದಿದ್ನೇನೋ,” ಮಾವ ಉಸಿರು ಕೂಡಿಸಿಕೊಂಡು ಹೇಳಿದರು. “ಆಮ್ಯಾಲೆ ಬ್ಯಾಡ ಅಂದ ಕಾಣಸ್ತತಿ.”

ಕೊಳವೆ ಒಡೆದಿದ್ದರೆ ಕೆಂಪು ದೀಪ ಬರಬೇಕಿತ್ತು. ದೀಪವೇ ಆರಿತ್ತೆಂದರೆ ಅಪ್ಪಣೆ ಕೊಡುವ ಕಂಪ್ಯೂಟರ್ ನಿಂತು ಮತ್ತೆ ಶುರುವಾಗಿತ್ತು. ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಪಾಳಿಯಲ್ಲಿದ್ದವಳು ರೇಷ್ಮಾ ನದಾಫ. ಮಹಾರುದ್ರನಿಗೆ ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನಾನು ಅವಳಿಗೆ ವೈನಿ.

“ವೈನಿ, ನಾವೇನೂ ಮುಟ್ಟಿಲ್ರಿ. ತಾನ ಬಂದ್ ಆಗಿ ತಾನ ಚಾಲೂ ಆತು. ನಾಳಿ ಖಂಡೆ ಪೂಜಾ ಐತಲ್ರಿ, ಮಷೀನ್ ಪೂಜಾಕ್ಕಂತ ನಾ ಬರೇ ಟೇಬಲ್ ಒರಸಾಕ್ಹತ್ತಿದ್ದೆ.”

“ಕೀಬೋರ್ಡೂ ಒರಸಿದೇನು?”

“ಹೂಂ. ಅಣ್ಣ ಚಹಾ ಚೆಲ್ಲಿದ್ದ ನೋಡ್ರಿ, ಆ ಕಲೆ...”

“ಒರಸೂ ಮುಂದ ಎಡಗೈ ಎಲ್ಲಿತ್ತು?”

“ಎಡಗೈ? ಸರೀಬಾರದಂತ ಎಡಗಡೆ ಕೆಳಗಿನ ಮೂಲಿ ಒತ್ತಿ ಹಿಡದಿದ್ದೆ. ಬಲಗೈಲೆ ಮ್ಯಾಲಿನ ತುದೀಯಿಂದ ಒರಸಕೋತ ಬಂದೆ. ಯಾಕ್ರೀ?”

ನಾನೂ ಮಹಾರುದ್ರನೂ ಧಾರವಾಡದಲ್ಲಿ ಒಂದೇ ಲ್ಯಾಬಿನಲ್ಲಿ ಓದಿದವರು. ಆ ಕಂಪ್ಯೂಟರಿನ ಕಾರ್ಯವ್ಯವಸ್ಥೆಯ ತಳದಲ್ಲಿ ಒಂದು ಕಿವಿ ಇದೆ. ಪರದೆ ಹೆಪ್ಪುಗಟ್ಟಿ ಎಲ್ಲ ನಿಂತುಹೋದರೂ ಆ ಕಿವಿ ಎಚ್ಚರವಾಗಿರುತ್ತದೆ. ಎಡಮೂಲೆಯ ಆಲ್ಟ್ ಕೀ ಹಿಡಿದು, ಬಲತುದಿಯ ಪ್ರಿಂಟ್ ಸ್ಕ್ರೀನ್ ಕೀ ಒತ್ತಿ, ಆಮೇಲೆ ಒಂದು ಅಕ್ಷರ ಒತ್ತಿದರೆ ಅದು ಕೇಳಿಸಿಕೊಂಡು ಹೇಳಿದ್ದನ್ನು ಮಾಡುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ. ಒತ್ತಿದ್ದು ಎಂಜಿನಿಯರೋ ಒರೆಸುವ ಬಟ್ಟೆಯೋ ಅದಕ್ಕೆ ಗೊತ್ತಿಲ್ಲ. ‘ಎಸ್’ ಎಂದರೆ ಮಾಹಿತಿಯನ್ನು ಡಿಸ್ಕಿಗೆ ಬರೆದು ಉಳಿಸುತ್ತದೆ. ‘ಬಿ’ ಎಂದರೆ ಆ ಕ್ಷಣವೇ ಮರುಚಾಲನೆ. ‘ಓ’ ಎಂದರೆ ಪೂರ್ತಿ ಆರಿಹೋಗುತ್ತದೆ.

ರೇಷ್ಮಾಳ ಬಟ್ಟೆ ಬಿ ಮೇಲೆ ಹಾದಿತ್ತು. ಓ ಮೇಲೆ ಮೊದಲು ಹಾದಿದ್ದರೆ ಮಾವ ಈಗ ಇರುತ್ತಿರಲಿಲ್ಲ.

ಯಾವ ಅಕ್ಷರಕ್ಕೆ ಅನುಮತಿ ಎಂಬುದನ್ನು ಒಂದು ಸಂಖ್ಯೆ ನಿರ್ಧರಿಸುತ್ತದೆ. ಯಂತ್ರ ಕೊಟ್ಟ ಕಂಪನಿಯ ಡೀಫಾಲ್ಟ್, ಅಂದರೆ ಯಾರೂ ಏನೂ ಹೇಳದಿದ್ದಾಗ ಯಂತ್ರ ತಾನೇ ಹಿಡಿಯುವ ದಾರಿ, ಎಲ್ಲಕ್ಕೂ ಅನುಮತಿ. ಮಹಾರುದ್ರ ಕೆಲಸಕ್ಕೆ ಸೇರಿದ ಮೊದಲ ವಾರವೇ ಅದನ್ನು ಬದಲಾಯಿಸಿದ್ದ. ಈಗ ಯಾರೋ ಅದನ್ನು ಮತ್ತೆ ಡೀಫಾಲ್ಟಿಗೆ ತಂದಿದ್ದರು.

ಮಾವನಿಗೆ ಗಂಜಿ ಕೊಟ್ಟು, ಬಾಜೂಮನೆಯ ಗಿರಿಜವ್ವನನ್ನು ಅವರ ಹತ್ತಿರ ಕೂರಿಸಿ ಸ್ಥಾವರಕ್ಕೆ ಹೋದೆ.

ಕಂಟ್ರೋಲ್ ರೂಮಿಗೆ ಒಂದು ಕಡೆ ಗಾಜಿನ ಗೋಡೆ. ಎದುರಿನ ಗೋಡೆಯ ಮೇಲೆ ಊರಿನ ನಕ್ಷೆ, ಮನೆಗೊಂದು ಹಸಿರು ಚುಕ್ಕೆ. ಮುಖ್ಯಸ್ಥರಾದ ಹಳ್ಯಾಳ ಸಾಹೇಬರು ಮಾವಿನೆಲೆಯ ತೋರಣ ಕಟ್ಟಿಸುತ್ತಿದ್ದರು. ನನ್ನನ್ನು ನೋಡಿ ಸ್ಟೂಲಿನಿಂದ ಇಳಿದು ಕೈಮುಗಿದರು.

ಹೇಳಿದೆ. ಕೇಳಿಸಿಕೊಂಡರು.

“ನೋಡ್ರಿ ಬಾಯಾರ, ನಿಮ್ಮ ಮನಸಿನ ಸ್ಥಿತಿ ನನಗ ತಿಳೀತತಿ. ಆದ್ರ ಪ್ರತಿ ವರ್ಷ ಪೂಜಾ ಮಾಡ್ತೀವಿ. ಕೀಬೋರ್ಡ್ ಮ್ಯಾಲೇ ಆರತಿ ತಟ್ಟಿ ಇಡ್ತೀವಿ, ಕಾಯಿ ಇಡ್ತೀವಿ. ಒಂದ ಸರ್ತೀನರೆ ಏನರೆ ಆಗೇತೇನು?”

“ನಮ್ಮ ಮನಿಯವರು ಅದನ್ನ ಬಂದ್ ಮಾಡಿ ಇಟ್ಟಿದ್ರು. ಅದಕ್ಕ ಆಗಿರಲಿಲ್ಲ.”

“ಅದನ್ನ ಹೇಳಾಕ್ಹತ್ತೀನಿ. ಮಹಾರುದ್ರ ಏನೇನೋ ತಿದ್ದಿ ಇಟ್ಟಾರ ಅಂತ ಕಂಪನಿಯವ್ರ ತಕರಾರಿತ್ತು. ಹೋದ ತಿಂಗಳ ಹೊಸಾ ಆವೃತ್ತಿ ಹಾಕಿದಾಗ ಎಲ್ಲಾ ತಗದು ಸ್ವಚ್ಛ ಮಾಡಿ ಹೋಗ್ಯಾರ. ಪಾಸ್‌ವರ್ಡೂ ಅವರ ಕಡೇನ ಐತಿ.”

“ಹಂಗಾದ್ರ ಅವರಿಗೆ ಫೋನ್ ಮಾಡ್ರಿ. ಒಂದು ಸಂಖ್ಯಾ ಬದಲಿ ಮಾಡಿದ್ರ ಮುಗೀತು.”

“ದಸರಾ ಸೂಟಿ. ದೂರು ಬರದು ಹಾಕೀನಿ. ಮತ್ತ ಆ ಬಟನ್ ಇಟ್ಟಾರಂದ್ರ ಸುಮ್ನ ಇಟ್ಟಾರೇನು? ನಾಳಿ ಮಷೀನ್ ಜಾಮ್ ಆದ್ರ ಎಬ್ಬಸಾಕ ಅದ ಬೇಕಲ್ಲ?”

ಅದು ಸುಳ್ಳಲ್ಲ. ಮಹಾರುದ್ರನೂ ಅದನ್ನು ಪೂರ್ತಿ ಮುಚ್ಚಿರಲಿಲ್ಲ. ಉಳಿಸುವ ಅಕ್ಷರಗಳನ್ನು ಬಿಟ್ಟು ಕೊಲ್ಲುವ ಅಕ್ಷರಗಳನ್ನಷ್ಟೇ ಮುಚ್ಚಿದ್ದ.

“ಪೂಜಾ ಹೊತ್ತಿಗೆ ಕೀಬೋರ್ಡ್ ತಗದು ಇಡ್ರಿ,” ಅಂದೆ.

ಮೂಲೆಯಲ್ಲಿದ್ದ ರೇಷ್ಮಾ ತಲೆಯಾಡಿಸಿದಳು. “ತಗಿಯಾಕ ಬರೂದಿಲ್ರಿ ವೈನಿ. ಹಿಂದ ಒಮ್ಮೆ ಕಸಾ ಹೊಡಿಯಾಕಿ ಕಾಲಿಗೆ ವಾಯರ್ ಸಿಕ್ಕು ಕಿತ್ತಿತ್ತು. ಕಳ್ಳರು ಬಂದಾರಂತ ತಿಳಕೊಂಡು ಮಷೀನ್ ಕೂಗಿಕೊಂಡು ಊರ ವಾಲ್ವೆಲ್ಲಾ ಮುಚ್ಚಿಬಿಡ್ತು. ಕೀಬೋರ್ಡಿನ ಎಣಿಕಿ ಸೊನ್ನಿ ಆಗಬಾರದಂತ.”

ಕದ್ದರೆ ಯಂತ್ರ ಕೂಗುತ್ತದೆ. ಕೊಂದರೆ ಕೂಗುವುದಿಲ್ಲ.

“ತಟ್ಟಿ ಬ್ಯಾರೆ ಕಡೆ ಇಡಾಕ ಹೇಳ್ತೀನಿ ಬಿಡ್ರಿ,” ಹಳ್ಯಾಳರು ನನ್ನನ್ನು ಬಾಗಿಲವರೆಗೆ ಕಳಿಸುತ್ತ ಹೇಳಿದರು. ಆಮೇಲೆ ದನಿ ತಗ್ಗಿಸಿ, “ಮತ್ತ ಬಾಯಾರ, ತಪ್ಪ ತಿಳಕೋಬ್ಯಾಡ್ರಿ. ನಾಳಿ ಪೂಜಾ ಹೊತ್ತಿಗೆ ನೀವು ಇಲ್ಲಿ... ಮಂದಿ ನಾಲ್ಕು ಮಾತಾಡ್ತಾರ,” ಅಂದರು.

ತಟ್ಟೆಯನ್ನು ಬೇರೆ ಕಡೆ ಇಡಿಸುವುದು ಅವರ ಕೈಲಿ ಆಗುವ ಕೆಲಸವಾಗಿರಲಿಲ್ಲ. ಹಿಂದಿನ ವರ್ಷ ನಾನೂ ಪೂಜೆಗೆ ಹೋಗಿದ್ದೆ. ಊರಿಗೆ ಉಸಿರು ಕೊಡುವ ಯಂತ್ರವೆಂದು ಜನ ಸಾಲು ಹಿಡಿದು ಬರುತ್ತಾರೆ. ಕೀಬೋರ್ಡಿಗೆ ವಿಭೂತಿ ಎಳೆಯುತ್ತಾರೆ, ಅಕ್ಕಿಕಾಳು ಹಾಕುತ್ತಾರೆ, ಮಕ್ಕಳ ಕೈ ಹಿಡಿದು ಮುಟ್ಟಿಸಿ ಕಣ್ಣಿಗೆ ಒತ್ತಿಸುತ್ತಾರೆ. ಅಷ್ಟು ಕೈಗಳಲ್ಲಿ ಒಂದಾದರೂ ಆ ಮೂರು ಕೀಗಳನ್ನು ಕೂಡಿಸದೆ ಇರದು. ಯಂತ್ರ ಒಮ್ಮೆ ಆರಿದರೆ ಅದನ್ನು ಹೊತ್ತಿಸಲು ಕಂಪನಿಯವರ ಮೊಹರು ಒಡೆಯಬೇಕು. ಅವರು ಸೂಟಿಯಲ್ಲಿದ್ದರು. ರಬ್ಬರ್ ಚೀಲಗಳು ಅವರಿಗಾಗಿ ಕಾಯುವುದಿಲ್ಲ.

ಮನೆಗೆ ಬಂದಾಗ ಗಿರಿಜವ್ವ ಬಾಗಿಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಮಾವನಿಗೆ ಎಲ್ಲ ಹೇಳಿದೆ. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ, ಅದು ಅವರ ಉಸಿರು.

“ಆ ಬಟನ್ ಕಿತ್ತ ಒಗದ್ರ?” ಮಾವ ಕೇಳಿದರು.

“ಮ್ಯಾಲಿನ ಟೊಪ್ಪಿಗೆ ಬರತೈತ್ರಿ ಮಾವಾರ. ಒಳಗಿನ ರಬ್ಬರ್ ಗುಂಡಿ ಉಳೀತೈತಿ. ಬೆರಳು ಬಿದ್ರ ಅದೂ ಒತ್ತತೈತಿ.”

“ಬ್ಯಾರೆ ಕೀಬೋರ್ಡ್?”

“ಎಲ್ಲಾದ್ರಾಗೂ ಆ ಬಟನ್ ಇರತೈತ್ರಿ.”

ಮಾವ ದಿಂಬಿಗೆ ಒರಗಿದರು. “ಮಾರುದ್ರ ಅವತ್ತ ಪೂಜಾ ಸಾಮಾನ ತರತೀನಿ ಅಂತನ ಹೋಗಿದ್ದ,” ಅಂದರು. “ಪೂಜಾ ಇನ್ನೂ ದೂರ ಐತಿ, ಈಗ್ಯಾಕೋ ಅಂದೆ. ಇದು ಪ್ಯಾಟ್ಯಾಗ ಸಿಗೂದಲ್ಲಪ್ಪಾ, ಕೇಳಿ ತರಬೇಕು ಅಂದ. ಕುಂಬಳಕಾಯಿಗೆ ಅಷ್ಟ್ಯಾಕ ಅಡ್ಡಾಡಬೇಕಂತ ನಕ್ಕೆ.”

ಅವನ ಸ್ಕೂಟರ್ ಹಿತ್ತಲಲ್ಲಿ ನಿಂತಿತ್ತು. ಕಲ್ಲಿನ ಲಾರಿ ಗುದ್ದಿದ ಮೇಲೆ ಪೊಲೀಸರು ಇಟ್ಟುಕೊಂಡಿದ್ದು ಎರಡು ದಿನದ ಹಿಂದೆ ತಂದು ಬಿಟ್ಟಿದ್ದರು. ನಾನು ಹಿತ್ತಲಿಗೆ ಹೋದಾಗೆಲ್ಲ ಬೇರೆ ಕಡೆ ನೋಡುತ್ತಿದ್ದೆ. ಮುಂದಿನ ಭಾಗ ಮುದುಡಿತ್ತು. ಡಿಕ್ಕಿಗೆ ಏನೂ ಆಗಿರಲಿಲ್ಲ.

ಒಳಗೆ ನಮ್ಮ ಮನೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ವಸ್ತು. ಚಪ್ಪಟೆ, ಕಪ್ಪು ಬಣ್ಣ. ಮೇಲೆ ಅಕ್ಷರಗಳೇ ಇಲ್ಲ. ಎಡಕ್ಕೆ ಮೂರು ಅಗಲವಾದ ಕೀಗಳು, ಬಲಕ್ಕೆ ಮೂರು, ನಡುವೆ ಒಂದು ಉದ್ದನೆಯ ಪಟ್ಟಿ. ಹಿಂಬದಿಯಲ್ಲಿ ಒಂದು ಚೀಟಿ: ‘ಫಕೀರಪ್ಪ ಮಾಸ್ತರ, ಅಂಧ ಮಕ್ಕಳ ಶಾಲೆ, ಕರಡಿಕೊಪ್ಪ’. ಅದರ ಕೆಳಗೆ ಉಬ್ಬಿದ ಚುಕ್ಕೆಗಳು.

ಬ್ರೈಲ್ ಕೀಬೋರ್ಡ್. ಆರು ಚುಕ್ಕೆಗಳನ್ನು ಬೇರೆ ಬೇರೆ ರೀತಿ ಕೂಡಿಸಿ ಒತ್ತಿದರೆ ಒಂದೊಂದು ಅಕ್ಷರ ಹುಟ್ಟುತ್ತದೆ. ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅದನ್ನು ಸಾಮಾನ್ಯ ಕೀಬೋರ್ಡ್ ಎಂದೇ ಗುರುತಿಸಿತು. ಒಂದೊಂದಾಗಿ, ಎರಡೆರಡಾಗಿ, ಅಂಗೈಯಿಂದ, ಮೊಣಕೈಯಿಂದ ಒತ್ತಿ ನೋಡಿದೆ. ಅಕ್ಷರಗಳು ಬಂದವು, ಖಾಲಿ ಜಾಗ ಬಂತು. ಆಲ್ಟ್ ಬರಲಿಲ್ಲ. ಪ್ರಿಂಟ್ ಸ್ಕ್ರೀನ್ ಬರಲಿಲ್ಲ. ಅವೆರಡನ್ನು ಕಳಿಸಲು ಅದಕ್ಕೆ ಬರುವುದೇ ಇಲ್ಲ.

ಪಾಸ್‌ವರ್ಡ್ ಕೈತಪ್ಪಿದ ಮೇಲೆ ಮಹಾರುದ್ರ ಹುಡುಕಿಕೊಂಡ ದಾರಿ ಅದು. ತಟ್ಟೆ ಇಡಲಿ, ಮಕ್ಕಳು ಬಡಿಯಲಿ, ತಳದ ಕಿವಿಗೆ ಏನೂ ಕೇಳಿಸದ ಕೀಬೋರ್ಡ್. ಪೂಜೆ ಮುಗಿದ ಮೇಲೆ ಹಳೆಯದನ್ನು ಹಾಕಿದರಾಯಿತು.

ಟವೆಲ್ಲನ್ನು ಮಡಿಸಿ ಇಟ್ಟೆ. ರೇಷ್ಮಾಗೆ ಫೋನ್ ಮಾಡಿದೆ.

ಮಹಾನವಮಿಯ ಬೆಳಿಗ್ಗೆ ಹೊರಡುವಾಗ ಮಾವನಿಗೆ ಹೇಳಿದೆ: “ಕೀಬೋರ್ಡ್ ಬದಲಿ ಮಾಡೂ ಮುಂದ ಗಾಳಿ ನಿಂತರೂ ನಿಲ್ಲಬಹುದ್ರಿ.”

“ಹೋಗಿ ಬಾ. ಇಷ್ಟ್ ವರ್ಷ ಕಲ್ಲ ಉಸಿರಾಡೀನಿ, ಒಂದೀಟ ಹೊತ್ತ ಏನೂ ಇಲ್ದಂಗನೂ ಉಸಿರಾಡ್ತೀನಿ,” ಅಂದರು. ಗಿರಿಜವ್ವ, “ಬಾಯಾಗ ಒಳ್ಳೇದ ಬರಲಿ ಮುದುಕಪ್ಪಾ,” ಎಂದು ಬೈದಳು.

ಸಾಹೇಬರು ಬರುವ ಮೊದಲೇ ನಾನೂ ರೇಷ್ಮಾಳೂ ಟೇಬಲ್ಲಿನ ಕೆಳಗೆ ಕುಳಿತಿದ್ದೆವು. ಕಂಪ್ಯೂಟರಿನ ಹಿಂದೆ ತೆರೆದಿದ್ದ ಕಿಂಡಿಗಳು ಎರಡೇ: ಒಂದರಲ್ಲಿ ಕೀಬೋರ್ಡ್, ಇನ್ನೊಂದರಲ್ಲಿ ಮೌಸ್. ಉಳಿದವಕ್ಕೆ ಕಂಪನಿಯವರು ಗೋಂದು ಸುರಿದಿದ್ದರು. ಮೌಸ್ ಕಿತ್ತು ಆ ಕಿಂಡಿಗೆ ಬ್ರೈಲ್ ಹಾಕಬೇಕು. ಯಂತ್ರ ಅದನ್ನು ಕೀಬೋರ್ಡ್ ಎಂದು ಎಣಿಸಿದ ಮೇಲೆ ಹಳೆಯದನ್ನು ಕೀಳಬೇಕು.

“ಮೌಸ್ ಕಿತ್ತರೂ ಕೂಗತೈತೇನ್ರಿ?” ರೇಷ್ಮಾ ಕೇಳಿದಳು.

“ಗೊತ್ತಿಲ್ಲ.”

“ನೌಕರಿ ಹೋತಂದ್ರ ನನ್ನ ಮದುವಿ ಖರ್ಚು ನೀವ ನೋಡಬೇಕು ಮತ್ತ.”

“ಮೊದಲ ಗಂಡು ನೋಡೂಣು.”

ನಾನು ಮೌಸ್ ಕಿತ್ತೆ.

ನಕ್ಷೆ ಹಸಿರಾಗಿಯೇ ಇತ್ತು. ಬ್ರೈಲ್ ಸಿಕ್ಕಿಸಿದೆ. ಪರದೆಯ ಮೂಲೆಯಲ್ಲಿ ‘ಕೀಬೋರ್ಡ್: 1’ ಎಂದೇ ಇತ್ತು. ಕಾದೆವು. ಬದಲಾಗಲಿಲ್ಲ. ಹೊರಗೆ ಜೀಪು ನಿಂತ ಸದ್ದು. ಹಳ್ಯಾಳರು ಯಾರಿಗೋ ಬಾಳೆಕಂಬ ಇಳಿಸಲು ಹೇಳುತ್ತಿದ್ದರು.

“ವೈನಿ, ತಗೀರಿ, ತಗದ ಬಿಡ್ರಿ, ಬ್ಯಾಡ.”

ಒಂದು ಕೀ ಒತ್ತದೆ ಅದಕ್ಕೆ ಹೊಸದು ಬಂದಿದ್ದು ತಿಳಿಯದೇನೋ ಅನಿಸಿತು. ಕೈ ಮೇಲೆ ಚಾಚಿ ನಡುವಿನ ಪಟ್ಟಿಯನ್ನು ಒತ್ತಿದೆ.

‘ಕೀಬೋರ್ಡ್: 2’.

ಹಳೆಯದರ ವಾಯರನ್ನು ಎಳೆದೆ. ಅದು ಬಿಗಿಯಾಗಿತ್ತು. ಮತ್ತೊಮ್ಮೆ ಎಳೆದಾಗ ಬಂತು. ನಾನು ನಕ್ಷೆಯಲ್ಲಿ ನಮ್ಮ ಮನೆಯ ಚುಕ್ಕೆಯನ್ನೇ ನೋಡುತ್ತಿದ್ದೆ. ಅದು ಒಮ್ಮೆ ಮಿನುಗಿತು. ಎಲ್ಲ ಚುಕ್ಕೆಗಳೂ ಮಿನುಗಿದವು. ಆಮೇಲೆ ಹಸಿರಾಗಿ ನಿಂತವು.

‘ಕೀಬೋರ್ಡ್: 1’.

ಹಳೆಯ ಕೀಬೋರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಹೋಗಿ ಗಾಜಿನ ಈಚೆ ನಿಂತೆ. ಪೂಜೆಗೆ ಬಂದ ಹೆಂಗಸರು ನನ್ನನ್ನು ನೋಡಿ ಸ್ವಲ್ಪ ಸರಿದು ದಾರಿ ಮಾಡಿಕೊಂಡು ಒಳಗೆ ಹೋದರು. ಒಳಗಿನ ಮಾತು ಗಾಜಿನಿಂದ ತೆಳ್ಳಗೆ ಕೇಳುತ್ತಿತ್ತು.

“ಇದೇನಿದು, ಹಾರ್ಮೋನಿಯಂ ತಂದಿಟ್ಟೀರಿ?” ಹಳ್ಯಾಳರು ಕೇಳಿದರು.

“ಪೂಜಾಕ್ಕಂತ ಬ್ಯಾರೇದು ಸರ್,” ರೇಷ್ಮಾ ಹೇಳಿದಳು. “ಹಳೇದಕ್ಕ ಕುಂಕುಮ ಬಿದ್ರ ಕೆಡತೈತಿ.”

ಅವರು ತಲೆಯೆತ್ತಿ ಗಾಜಿನಾಚೆಗಿದ್ದ ನನ್ನನ್ನು ನೋಡಿದರು. ಅಷ್ಟರಲ್ಲಿ ಪುರಸಭೆ ಅಧ್ಯಕ್ಷರ ಹೆಂಡತಿ ಆರತಿ ತಟ್ಟೆ ಹಿಡಿದು ಬಂದಿದ್ದರು. ಹಳ್ಯಾಳರು “ಅಕ್ಕಾರ, ತಟ್ಟಿ ಈ ಕಡೆ...” ಎಂದರು. ಅಕ್ಕನವರು ತಟ್ಟೆಯನ್ನು ನೇರ ಕೀಬೋರ್ಡಿನ ಮೇಲೆ ಇಟ್ಟರು. ಹಿತ್ತಾಳೆಯ ದೊಡ್ಡ ತಟ್ಟೆ, ಅದರಲ್ಲಿ ಎರಡು ತೆಂಗಿನಕಾಯಿ. ಆರೂ ಕೀಗಳು ಒಟ್ಟಿಗೆ ಕೆಳಗೆ ಹೋದವು. ಪರದೆಯ ಹುಡುಕು ಪೆಟ್ಟಿಗೆಯಲ್ಲಿ ಒಂದೇ ಅಕ್ಷರ ಸಾಲುಸಾಲಾಗಿ ಬೀಳತೊಡಗಿತು. ಆಮೇಲೆ ಮಕ್ಕಳು ಬಂದರು. ಒಬ್ಬಳು ಪುಟ್ಟ ಹುಡುಗಿ ಎರಡೂ ಕೈಯಿಂದ ತಬಲಾ ಬಾರಿಸಿದಂತೆ ಬಾರಿಸಿದಳು. ಎಲ್ಲರೂ ನಕ್ಕರು.

ನಾನು ಚುಕ್ಕೆಗಳನ್ನು ನೋಡುತ್ತ ನಿಂತೆ. ಮಂಗಳಾರತಿಯ ಗಂಟೆ ಮುಗಿಯುವವರೆಗೂ ಅವು ಹಸಿರಾಗಿಯೇ ಇದ್ದವು.

ಜನ ಕರಗಿದ ಮೇಲೆ ಹಳ್ಯಾಳರು ಹೊರಗೆ ಬಂದು ನನ್ನ ಪಕ್ಕದ ಬೆಂಚಿನ ಮೇಲೆ ಕುಳಿತರು. ಬೈಯುತ್ತಾರೆಂದು ಕಾದೆ. ಹಳೆಯ ಕೀಬೋರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು.

“ಯಾವ ಬಟನ್?”

ತೋರಿಸಿದೆ. ಎಡಗೈಯಿಂದ ಆಲ್ಟ್ ಹಿಡಿದರು. ಬಲಗೈಯಿಂದ ಇನ್ನೊಂದನ್ನು ಒತ್ತಿದರು. ಬೆರಳು ಓ ಅಕ್ಷರದ ಮೇಲೆ ಬಂದು ನಿಂತಿತು. ಕೀಬೋರ್ಡಿನ ವಾಯರು ನೆಲದ ಮೇಲೆ ಬಿದ್ದಿತ್ತು, ಯಾವುದಕ್ಕೂ ಸೇರಿರಲಿಲ್ಲ. ಅವರು ಒತ್ತಿದರು. ಒತ್ತಿದವರು ಥಟ್ಟನೆ ತಲೆಯೆತ್ತಿ ಗಾಜಿನ ಆಚೆಗಿನ ನಕ್ಷೆಯನ್ನು ನೋಡಿದರು.

“ಇಷ್ಟೇನಾ?” ಅಂದರು.

“ಇಷ್ಟ ರೀ.”

ಕೀಬೋರ್ಡನ್ನು ಬೆಂಚಿನ ಮೇಲೆ ಇಟ್ಟರು. ಆಮೇಲೆ ಕಂಪನಿಗೆ ಫೋನ್ ಹಚ್ಚಿದರು. ಯಾರೋ ಸೂಟಿ ಎಂದರು. ಇವರು ಅವರ ಮೇಲಿನವರ ನಂಬರ್ ಕೇಳಿದರು, ಆಮೇಲೆ ಅವರ ಮೇಲಿನವರದು. ಸಂಜೆಯ ಹೊತ್ತಿಗೆ ಎಲ್ಲೋ ಒಬ್ಬ ತನ್ನ ಮನೆಯ ಪೂಜೆಯಿಂದ ಎದ್ದು ಬಂದು, “ಎಷ್ಟಕ್ಕೆ ಇಡಬೇಕು?” ಎಂದು ಕೇಳಿದ. ಹಳ್ಯಾಳರು ಫೋನನ್ನು ನನ್ನ ಕಡೆ ಹಿಡಿದರು. ಮಹಾರುದ್ರ ಇಟ್ಟಿದ್ದ ಸಂಖ್ಯೆಯನ್ನೇ ಹೇಳಿದೆ: ನಲವತ್ತೆಂಟು. ಡಿಸ್ಕನ್ನು ಕಾಯುವ ಅಕ್ಷರಗಳಿಗೆ ಮಾತ್ರ ಅನುಮತಿ. ಮುಂದಿನ ಆವೃತ್ತಿಯಲ್ಲೂ ಹಾಗೆಯೇ ಉಳಿಯುತ್ತದೆಯೇ ಎಂದು ಕೇಳಿದೆ. ಖಾತ್ರಿ ಕೊಡಲಾಗದು ಎಂದ. ರೇಷ್ಮಾ ಆ ಸಂಖ್ಯೆಯನ್ನು ನಕ್ಷೆಯ ಪಕ್ಕದ ಗೋಡೆಯ ಮೇಲೆ ಎಣ್ಣೆಬಣ್ಣದಲ್ಲಿ ದೊಡ್ಡದಾಗಿ ಬರೆದಳು. ಸಾಹೇಬರು ತಡೆಯಲಿಲ್ಲ.

ದಸರೆಯ ಮರುದಿನ ಬಸ್ಸು ಹಿಡಿದು ಕರಡಿಕೊಪ್ಪಕ್ಕೆ ಹೋದೆ. ಶಾಲೆಗೆ ರಜೆ. ವಸತಿನಿಲಯದ ಜಗುಲಿಯಲ್ಲಿ ಒಬ್ಬರು ಕುರ್ಚಿ ಹಾಕಿಕೊಂಡು ರೇಡಿಯೊ ಕೇಳುತ್ತಿದ್ದರು. ನನ್ನ ಹೆಜ್ಜೆಗೆ ರೇಡಿಯೊ ಆರಿಸಿದರು.

“ಫಕೀರಪ್ಪ ಮಾಸ್ತರ ಅಂದ್ರ ನೀವ ಏನ್ರಿ? ನಾ ಹಿರೇಬಂಡೀಯಿಂದ ಬಂದೀನಿ. ಮಹಾರುದ್ರ ಅವರು ಒಯ್ದಿದ್ದ ಕೀಬೋರ್ಡ್ ಕೊಡಾಕ.”

“ಬರ್ರಿ ಬರ್ರಿ! ದಸರಾ ಮುಗದ ಮರುದಿನ ತಂದ ಮುಟ್ಟಸ್ತೀನಿ ಅಂದಿದ್ರು. ಹೇಳಿದ ದಿನಾನ ಬಂತ ನೋಡ್ರಿ.”

ಎರಡೂ ಕೈ ಚಾಚಿದರು. ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು, ಪರಊರಿಗೆ ಹೋಗಿ ಬಂದ ಮಗುವಿನ ಮೈ ತಡವಿ ನೋಡುವಂತೆ, ಅಂಚಿನಿಂದ ಅಂಚಿಗೆ ಬೆರಳಾಡಿಸಿದರು. ನಾನು ಒರೆಸಿ ತಂದಿದ್ದೆ. ಆದರೂ ಒಂದು ಕೀಯ ಸಂದಿನಲ್ಲಿ ಅವರ ಉಗುರು ತಡೆದು ನಿಂತಿತು. ಏನನ್ನೋ ಹೊರಗೆ ಎಳೆದರು.

“ಅಕ್ಕಿಕಾಳು,” ಎಂದು ನಕ್ಕರು. “ಇದಕ್ಕೂ ಪೂಜಾ ಮಾಡಿಬಿಟ್ರ್ಯಾ? ಯಾಕ ಬೇಕಂತ ಅವತ್ತ ಅವರು ಹೇಳಿದಾಗ ನಾ ನಂಬಿರಲಿಲ್ಲ. ಪುಣ್ಯಾತ್ಮ, ಮಾತ ಬಾಳ ಆಡತಾರ. ಎರಡ ಸರ್ತಿ ಚಹಾ ಕುಡಿಸಿದೆ, ಎರಡೂ ಸರ್ತಿ ಚೆಲ್ಲಿದ್ರು.”

“ಹೂಂ ರೀ.”

“ಕೆಲಸ ಆತೇನು ಇದರಿಂದ?”

“ಆತ್ರಿ. ಎಲ್ಲಾರೂ ಉಳಿದ್ರು.”

“ಬೇಷಾತು. ಅವರ ಯಾಕ ಬರಲಿಲ್ಲ? ಡ್ಯೂಟಿ ಐತೇನು?”

ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಬೇರೆಯವರೇ ಬಂದು ಹೇಳಿದ್ದರು. ನಾನಾಗಿ ಅದನ್ನು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಅವರು ಮುಖವನ್ನು ನನ್ನ ಕಡೆಗೆತ್ತಿ, ನಗು ಇನ್ನೂ ಅಲ್ಲೇ ಇರುವಂತೆ ಕಾಯುತ್ತಿದ್ದರು.

“ಇಲ್ಲ ಮಾಸ್ತರ. ಇದನ್ನ ನಿಮ್ಮಿಂದ ಇಸಗೊಂಡು ಹೊಳ್ಳಿ ಬರೂ ಮುಂದ ದಾರ್ಯಾಗ ಲಾರಿ ಹಾದು ತೀರಿಕೊಂಡ್ರು,” ಅಂದೆ. “ನಾ ಅವರ ಹೆಂಡತಿ.”

ಅವರ ಬೆರಳುಗಳು ಆರು ಕೀಗಳ ಮೇಲೆ ಇದ್ದಲ್ಲೇ ನಿಂತವು.

“ಕುಂದ್ರವ್ವಾ,” ಅಂದರು.

ಕುಳಿತೆ.